ಶೀನಪ್ಪಣ್ಣನ ಬಲಗೈ

ಗಲ್ಫಿನ ಅಲ್ ಮುರಕ್ಕಬಾತಿನ ಒಂದು ಹಳೆಯ ಕಟ್ಟಡದ ಕಾವಲಿಗಿರುವ ನಮ್ಮ ಶೀನಪ್ಪಣ್ಣನಿಗೆ ಕುರ್ಚಿ ಕೊಟ್ಟಿದ್ದಾರೆ, ಆದರೆ ಅದರ ಮೇಲೆ ಕೂರುವುದು ಅವರ ಟೊಪ್ಪಿ ಮಾತ್ರ. ಪ್ಯಾಂಟಿನ ಇಸ್ತ್ರಿ ಗೆರೆಯಲ್ಲಿ ಈರುಳ್ಳಿ ಹೆಚ್ಚಬಹುದು. ಅವರು "ಯಲ್ಲಾ, ಲೈನಲ್ಲಿ ಬನ್ನಿ" ಎಂದು ಗದರಿದರೆ ರೂಮಿನ ಜಿರಳೆಗಳೂ ಸಾಲು ಹಿಡಿಯುತ್ತವೆ ಎಂಬುದು ಜತೆಗಿರುವ ಲತೇಶನ ಅಂಬೋಣ. ಇಂಥವರನ್ನು ಸೈನ್ಯವು, ರಜೆ ಮುಗಿದರೂ ಕಾಯಿಲೆ ಬಿದ್ದ ತಾಯಿಯನ್ನು ಬಿಟ್ಟು ಬರಲಿಲ್ಲವೆಂದು, "ಶಿಸ್ತಿಲ್ಲದವನು" ಎಂದು ಬರೆದು ಮನೆಗೆ ಕಳಿಸಿತ್ತು. "ತಪ್ಪು ನನ್ನದೇ. ಆದರೆ ಆ ಶಬ್ದ ನನ್ನದಲ್ಲ" ಎನ್ನುತ್ತಾರೆ. ಅದನ್ನು ಗೌರವದ ಬಿಡುಗಡೆ ಎಂದು ತಿದ್ದಿ ಕೊಡಿ ಎಂದು ದೆಹಲಿಗೆ ಅರ್ಜಿ ಹಾಕುತ್ತಲೇ ಇದ್ದಾರೆ, ಮೊದಲು ಟಪಾಲಿನಲ್ಲಿ, ಈಗ ಲತೇಶನ ಲ್ಯಾಪ್‌ಟಾಪಿನಲ್ಲಿ. ಪರಿಶೀಲನೆಯಲ್ಲಿದೆ ಎಂದಷ್ಟೇ ಉತ್ತರ ಬಂದರೂ "ಬಂತಲ್ಲ" ಎಂದು ಸಮಾಧಾನಪಡುತ್ತಾರೆ. "ಖಲಾಸ್ ಮಾಡಿ ಶೀನಪ್ಪಣ್ಣ, ಈ ವಯಸ್ಸಿನಲ್ಲಿ ಅದು ಸಿಕ್ಕಿ ಎಂತ ಆಗ್ಲಿಕ್ಕುಂಟು?" ಎಂದು ಲತೇಶ ಬೇಸತ್ತರೆ, ಅವರು ಹೊಳೆಯುವ ಬೂಟನ್ನೇ ಮತ್ತೆ ಒರೆಸುತ್ತಾರೆ. ಆಗಸ್ಟ್ ಹದಿನೈದರ ಬೆಳಿಗ್ಗೆ ದೂತಾವಾಸದ ಅಂಗಳದಲ್ಲಿ ಬಾವುಟ ಏರುವಾಗ ಅಂಗಡಿಯವರು, ಆಫೀಸಿನವರು, ಹೆಗಲ ಮೇಲೆ ಕೂತ ಮಕ್ಕಳು ಸಹ ಸೆಲ್ಯೂಟ್ ಹೊಡೆಯುತ್ತಾರೆ. ಕೊನೆಯ ಸಾಲಿನಲ್ಲಿ ಬೆವರುತ್ತಾ ನೆಟ್ಟಗೆ ನಿಂತ ಶೀನಪ್ಪಣ್ಣ ಮಾತ್ರ ಹೊಡೆಯುವುದಿಲ್ಲ. "ನೀವ್ಯಾಕೆ ಹೊಡೆಯುದಿಲ್ಲ?" ಎಂದು ಲತೇಶ ಒಮ್ಮೆ ಅಲ್ಲೇ ಪಿಸುಗುಟ್ಟಿ ಕೇಳಿದ್ದ. "ದೆಹಲಿಯವರು ಮೊದಲು ತಿದ್ದಲಿ ಮಾರಾಯ" ಎಂದರು ಶೀನಪ್ಪಣ್ಣ. ಅವರ ಬೆನ್ನ ಹಿಂದೆ ಎಡಗೈಯು, ಏಳಲು ಹವಣಿಸುತ್ತಿದ್ದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.