ಲೆಕ್ಕಕ್ಕೆ ಮೊದಲು ಏಳು

ಮಗು ಲೆಕ್ಕ ತಪ್ಪಿದಾಗಲೆಲ್ಲ ಪಕ್ಕದ ಮನೆಯ ಕಂಪ್ಯೂಟರ್ ಟಣ್ ಎನ್ನುತ್ತದೆ. ಮಂಡ್ಯದ ನಮ್ಮ ಬೀದಿಯಲ್ಲಿ ಮಧ್ಯಾಹ್ನ ಬೇರೆ ಗಲಾಟೆಯಿಲ್ಲ. ನನ್ನಂಥ ಮುದುಕಿಗೆ ಜೊಂಪು ಹತ್ತುವ ಹೊತ್ತಿಗೆ ಸರಿಯಾಗಿ ಆ ಸದ್ದು. ಜಗಳ ಆಡಿಯೇ ಬರೋಣವೆಂದು ನಿನ್ನೆ ಹೋದೆ. ಮೆಕ್ಯಾನಿಕ್ ರಫೀಕನ ಮಗಳು ರೇಷ್ಮಾ ತುಟಿ ಕಚ್ಚಿಕೊಂಡು ಅದರ ಮುಂದೆ ಕುಳಿತಿದ್ದಳು. ಅವಳಮ್ಮ ಹೆಮ್ಮೆಯಿಂದ ಹೇಳಿದಳು: "ಇದು ಬರೀ ತಪ್ಪು ಅನ್ನಲ್ಲ ಅಜ್ಜಿ. ಇವ್ಳು ಎಲ್ಲೆಲ್ಲಿ ತಪ್ತಾಳೆ ಅಂತ ನೋಡ್ಕಂಡು, ಇವ್ಳ ತಲೇಲಿ ಲೆಕ್ಕ ಎಂಗ್ ಓಡ್ತದೆ ಅಂತ ತಿಳ್ಕತದಂತೆ. ಅದಕ್ ತಕ್ಕಂಗೆ ಪಾಠ ಕೊಡ್ತದೆ."

ನನಗೆ ನಗು ಬಂತು. ಅಂಥದೊಂದು ಯಂತ್ರವನ್ನು ನಾನು ಹುಡುಗಿಯಾಗಿದ್ದಾಗಲೇ ನೋಡಿದ್ದೆ. ಅದು ಕಚ್ಚೆಪಂಚೆ ಉಡುತ್ತಿತ್ತು, ನಶ್ಯವನ್ನೂ ಏರಿಸುತ್ತಿತ್ತು.

ಸ್ವಾತಂತ್ರ್ಯ ಬರುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಚಿಕ್ಕರಸಿನಕೆರೆ ಕಡೆಯ ಹಳ್ಳಿಯಿಂದ ಅಪ್ಪ ನನ್ನನ್ನು ಮದ್ದೂರಿಗೆ ತಂದು, ಸೋದರಮಾವನ ಮನೆಯಲ್ಲಿ ಬಿಟ್ಟು, ನಡುವರ್ಷದಲ್ಲಿ ಸ್ಕೂಲಿಗೆ ಸೇರಿಸಿದ್ದ. ಲೆಕ್ಕದ ಮೇಷ್ಟ್ರು ಮೈಸೂರಿನವರು. ಅವರ ಕನ್ನಡ ಇಸ್ತ್ರಿ ಹಾಕಿದ ಪಂಚೆಯಂತೆ ಗರಿಗರಿ. ಆ ಸ್ಕೂಲಿನ ಕಿಟಕಿಯನ್ನು ನೆನೆದರೆ ಈಗಲೂ ನನಗೆ ಕಣ್ಣು ಅರೆಮುಚ್ಚುತ್ತದೆ ನೋಡಿ. ಬೆಳ್ಳೂರಿನ ಕೊಕ್ಕರೆಗಳು ಅವಸರವೇ ಇಲ್ಲದೆ ಶಿಂಷಾ ಹೊಳೆಯ ಕಡೆ ಹಾರಿ ಹೋಗುತ್ತಿದ್ದವು. ನಾನೂ ಅವುಗಳ ಹಿಂದೆ ಒಂದಷ್ಟು ದೂರ ಹೋಗಿ ಬರುತ್ತಿದ್ದೆ.

ಸ್ಲೇಟಿನ ಲೆಕ್ಕ ನನಗೆ ನೀರು ಕುಡಿದಷ್ಟು ಸಲೀಸು. ಬಾಯಿಲೆಕ್ಕ ಬಂತೆಂದರೆ ಮುಗಿಯಿತು. "ಹೇಳು, ಎಂಟೂ ಆರೂ ಎಷ್ಟು?" ಎಂದರೆ "ಇಪ್ಪತ್ತೊಂದು" ಎನ್ನುತ್ತಿದ್ದೆ. "ಹೇಳು, ಹದಿನೈದರಲ್ಲಿ ಎಂಟು ಹೋದರೆ?" ಎಂದರೆ "ಹದಿನಾಲ್ಕು". ಮಕ್ಕಳು ಘೊಳ್ಳೆಂದು ನಗುತ್ತಿದ್ದರು. ಸುದ್ದಿ ಅಪ್ಪನಿಗೂ ಮುಟ್ಟಿ, ಅವನು ಮೇಷ್ಟರ ಮುಂದೆ ಬಂದು ನಿಂತ.

"ಲೆಕ್ಕ ತಲೆಗ್ ಅತ್ತದಿದ್ರೆ ಬುಡಿ ಮೇಸ್ಟ್ರೇ. ಮಳವಳ್ಳೀಲಿ ನಮ್ಮಕ್ಕನ್ ಮನೇಲಿ ಕೂಸು ನೋಡ್ಕಳಕ್ ಓಯ್ತಾಳೆ. ನಾಳೀಕ್ ಗಾಡಿ ತತ್ತೀನಿ."

ನನ್ನ ಎದೆ ಒಡೆದೇ ಹೋಯಿತು. ಸ್ಕೂಲೆಂದರೆ ನನಗೆ ಅಷ್ಟು ಇಷ್ಟ.

ಅಂದು ಸಾಯಂಕಾಲ ಮೇಷ್ಟ್ರು ನನ್ನನ್ನು ನಿಲ್ಲಿಸಿಕೊಂಡು, ನನ್ನ ತಪ್ಪು ಉತ್ತರಗಳನ್ನೆಲ್ಲ ಬೋರ್ಡಿನ ಮೇಲೆ ಬರೆದರು. ಪಕ್ಕಕ್ಕೆ ಸರಿಯುತ್ತರ ಬರೆದರು. ಒಂದು ಚಿಟಿಕೆ ನಶ್ಯ ಏರಿಸಿ ನೋಡಿದರು, ಇನ್ನೊಂದು ಏರಿಸಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಎಲ್ಲದರಲ್ಲೂ ಏಳು ಜಾಸ್ತಿ ಇದೆಯಲ್ಲಮ್ಮ. ಈ ಏಳು ಎಲ್ಲಿಂದ ಬಂತು?"

"ನೀವೇ ಯೋಳ್ತೀರಲ್ಲ ಮೇಸ್ಟ್ರೇ, ಮೊದ್ಲು ಏಳು ಅಂತ!"

ನಮ್ಮ ಹಳ್ಳಿಯಲ್ಲಿ ಯಾರಿಗಾದರೂ ಮಾತಾಡು ಎನ್ನಬೇಕಿದ್ದರೆ 'ಯೋಳು' ಎನ್ನುತ್ತಿದ್ದೆವು. ಹಕಾರ ನಮ್ಮ ನಾಲಿಗೆಗೆ ಮಾತ್ರವಲ್ಲ, ಕಿವಿಗೂ ಹತ್ತಿರಲಿಲ್ಲ. ಹಾಗಾಗಿ ಅವರ 'ಹೇಳು' ನನಗೆ ಏಳಾಗಿಯೇ ಕೇಳಿಸಿತ್ತು. ಯಾವ ಕೆಲಸಕ್ಕೂ ಮೊದಲು ಗಣಪತಿ ಪೂಜೆ ಇರುತ್ತದಲ್ಲ, ಪಟ್ಟಣದ ಲೆಕ್ಕಕ್ಕೆ ಮೊದಲು ಹೀಗೊಂದು ಏಳು ಇರಬೇಕೆಂದು ಭಕ್ತಿಯಿಂದ ಕೂಡಿಸುತ್ತಿದ್ದೆ. ಮದ್ದೂರಿನ ಮಕ್ಕಳಿಗೆ ಮೇಷ್ಟರ ಮಾತು ಎಂದೋ ರೂಢಿಯಾಗಿತ್ತು.

ಮರುದಿನ ಅಪ್ಪ ಗಾಡಿ ಕಟ್ಟಿಕೊಂಡು ಬಂದ. ಮೇಷ್ಟ್ರು ಅವನನ್ನು ಬಾಗಿಲಲ್ಲಿ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಯೋಳವ್ವ, ಎಂಟೂ ಆರೂ ಎಸ್ಟು?"

ಕ್ಲಾಸೆಲ್ಲ ನಕ್ಕಿತು. ಅವರ ಕಿವಿ ಕೆಂಪಾಯಿತು.

"ಅದ್ನಾಕು!"

"ಯೋಳು, ಅದಿನೈದ್ರಲ್ಲಿ ಎಂಟು ಓದ್ರೆ?"

"ಏಳು!"

ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಅಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಓದ್ಲಿ ಬುಡಿ" ಎಂದ. ಗಾಡಿ ಖಾಲಿಯೇ ಹೋಯಿತು. ಆ ಪುಣ್ಯಾತ್ಮ ಒಂದು ಹಕಾರ ಬಿಟ್ಟುಕೊಟ್ಟರು, ನನಗೆ ಉಳಿದ ಅಕ್ಷರಗಳೆಲ್ಲ ದಕ್ಕಿದವು. 'ಹೇಳು' ಎನ್ನುವುದನ್ನು ಆಮೇಲೆ ನಿಧಾನವಾಗಿ ಕಲಿತೆ.

ನೆನಪಿನಿಂದ ಎಚ್ಚತ್ತು ನೋಡಿದರೆ, ಕಂಪ್ಯೂಟರ್ ರೇಷ್ಮಾಳನ್ನು ಕೆಳಗಿನ ತರಗತಿಯ ಪಾಠಕ್ಕೆ ಇಳಿಸಿತ್ತು. "ನಂಗ್ ಕಳಿಯೋ ಲೆಕ್ಕ ಬರಲ್ಲ ಅಜ್ಜಿ" ಎಂದು ಕಣ್ಣು ತುಂಬಿಕೊಂಡಳು. ತೆರೆಯ ಮೇಲಿದ್ದ ಲೆಕ್ಕದ ಸರಿಯುತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಜಗಳ ಮರೆತು ಕುರ್ಚಿ ಎಳೆದುಕೊಂಡೆ.

"ಸರಿನೋ ತಪ್ಪೋ ಇರ್ಲಿ. ನೀನ್ ಎಂಗ್ ಮಾಡ್ದೆ, ಅದ ಯೋಳು ಮಗ."

ಅವಳು ನನ್ನನ್ನೇ ನೋಡಿದಳು. ಅದನ್ನು ಅವಳಿಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ಕಂಪ್ಯೂಟರಿಗೆ ಬೆನ್ನು ಮಾಡಿ, ಅದಕ್ಕೆ ಕೇಳಿಸದಂತೆ ದನಿ ತಗ್ಗಿಸಿ, ನನ್ನ ಕಿವಿಯಲ್ಲಿ ಹೇಳತೊಡಗಿದಳು.