ಮದುಮಗನ ಛತ್ರಿ ಕೆಳಗೆ ಒಂದು ಸಿಂಥಸೈಜರ್

ಮದುವೆಯ ಮೆರವಣಿಗೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿದ್ದ ಕಾಲ ಅದು. ದೂರದಲ್ಲಿ ಕ್ಲಾರಿಯೋನೆಟ್ ಕೇಳಿದರೆ ಸಾಕು, ಅಫಜಲಪುರದ ನಮ್ಮ ಓಣಿಯ ಹುಡುಗರೆಲ್ಲ ಗೋಲಿಗಳನ್ನು ಚಡ್ಡಿ ಕಿಸೆಗೆ ತುರುಕಿಕೊಂಡು, ಶೇಂಗಾ ಹಿಂಡಿ ಸುತ್ತಿದ ರೊಟ್ಟಿಯನ್ನು ಓಡುತ್ತಲೇ ತಿಂದು ಮುಗಿಸುತ್ತಿದ್ದೆವು. ನನಗಂತೂ ಅದು ಮನೆಯ ಸದ್ದು. ಬ್ಯಾಂಡ್ ನನ್ನ ಸೋದರಮಾವ ರೇವಪ್ಪನದು. ಕ್ಲಾರಿಯೋನೆಟ್ ಊದುತ್ತಿದ್ದವನೂ ಅವನೇ.

ನಾನು ಏಳನೆಯ ಇಯತ್ತೆಗೇ ಶರಣು ಹೊಡೆದು ಸಾಲಿ ಬಿಟ್ಟ ಬೇಸಿಗೆಯಲ್ಲಿ ಮಾವ ಸೋಲಾಪುರದಿಂದ ಒಂದು ಪೆಟ್ಟಿಗೆ ತಂದ. ಹಾರ್ಮೋನಿಯಂನಂತೆ ಕಪ್ಪು ಬಿಳಿ ಪಟ್ಟಿಗಳಿದ್ದವು, ಗಾಳಿ ಹಾಕುವ ತಿದಿ ಇರಲಿಲ್ಲ. ಮೇಲೆ ಸಾಲು ಸಾಲು ತಿರುಗಿಸುವ ಗುಂಡಿಗಳು. ಮಾವ ಅದನ್ನು ‘ಸಿಂಥ್’ ಅಂದ, ನಮ್ಮ ಆಯಿ, ಅಂದರೆ ಮಾವನ ತಾಯಿ, ‘ಪೆಟಗಿ’ ಅಂದಳು. ಮನೆಯಲ್ಲಿ ಆಯಿಯದೇ ನಡೆಯಿತು.

ಮೊದಲ ಸಲ ಸ್ವಿಚ್ ಒತ್ತಿದಾಗ ಬಂದ ಬಿಸಿ ಧೂಳಿನ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಒಂದು ಗುಂಡಿ ತಿರುವಿದೆ, ಪುಂಗಿ ಊದಿದಂತಾಯಿತು. ಇನ್ನೊಂದನ್ನು ತಿರುವಿದೆ, ಪಡಸಾಲೆಯ ತಗಡು ಗಡಗಡ ನಡುಗಿ ಮಾಡಿನ ಪಾರಿವಾಳಗಳೆಲ್ಲ ಹಾರಿದವು. ಒಳಗಿನಿಂದ ಆಯಿ ಹಿಟ್ಟಿನ ಕೈಯಲ್ಲೇ ಬಂದಳು.

“ಅಯ್ಯ, ಯಾರ ಮೈಯಾಗ ದೆವ್ವ ಬಂತೋ?”

“ಪೆಟಗಿ ಮೈಯಾಗ, ಆಯಿ!” ಅಂದೆ. ನನಗೆ ಕುಣಿಯುವಂತಾಗಿತ್ತು.

ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತಿತ್ತು ಅದು. ಆದರೆ ಆ ಒಂದು ಸ್ವರವನ್ನು ಹಿಂಡಬಹುದಿತ್ತು, ಎಳೆಯಬಹುದಿತ್ತು, ಬೆಕ್ಕಿನಂತೆ ಕೂಗಿಸಬಹುದಿತ್ತು. ಭಜನೆಯಲ್ಲಿ ಹಾರ್ಮೋನಿಯಂ ಕಲಿತಿದ್ದ ನನ್ನ ಬೆರಳಿಗೆ ಅದು ಬೇಗ ಒಗ್ಗಿತು. ಗೋಲಿಗಳು ಗೋಡೆಯ ಮಾಡದಲ್ಲೇ ಉಳಿದವು. ಊಟಕ್ಕೆ ಕೂತಲ್ಲೂ ತಾಟಿನ ಅಂಚಿನ ಮೇಲೆ ಬೆರಳು ಆಡಿಸುತ್ತಿದ್ದೆ.

ಒಂದೇ ತಕರಾರು. ಮುಂಜಾನೆ ತಂಪಿನಲ್ಲಿ ಬ್ಯಾಂಡಿನ ಜೊತೆ ಸರಿಯಾಗಿ ನುಡಿಯುತ್ತಿದ್ದ ಪೆಟ್ಟಿಗೆ, ಹೊತ್ತೇರಿದಂತೆ ಶ್ರುತಿ ಏರಿಸುತ್ತ ಹೋಗುತ್ತಿತ್ತು. ಟ್ರಂಪೆಟ್ ಊದುವ ಖಾಜಾಸಾಬ್ ಕಾಕಾ ಬಾಯಿಂದ ತುತ್ತೂರಿ ಇಳಿಸಿ ಅಂದ: “ರೇವಪ್ಪ, ನಾ ಅಗಸಿಗಿ ನಿಂತೇನಿ, ನಿನ್ನ ಪೆಟಗಿ ಗುಡ್ಡ ಏರಾಕತ್ತದ. ಅದಕ್ಕ ಬುಖಾರ್ ಬಂದದೇನು ನೋಡಪಾ.”

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ನನ್ನನ್ನು ಕರೆದ.

“ಅಂದೋಲಾದ ಮದುವಿ ಒಂದು ನೋಡ್ತೇನಿ. ಅಲ್ಲೂ ಹಿಂಗ ಮಾಡ್ತಂದ್ರ ಸೋಲಾಪುರಕ್ಕ ವಾಪಸ್. ಅಳಬ್ಯಾಡ ಮತ್ತ.”

“ಮಾಡಂಗಿಲ್ಲ, ಮಾವ.”

“ನೀ ಹೇಳಿದ್ರ ಕೇಳ್ತದೇನಲೇ?”

“ಕೇಳ್ತದ,” ಅಂದುಬಿಟ್ಟೆ. ಹೆಂಗೆ ಕೇಳೀತೆಂದು ಗೊತ್ತಿರಲಿಲ್ಲ.

ಹೊರಡುವ ದಿನ ಆಯಿ ಪೆಟ್ಟಿಗೆಗೆ ಕರಿ ಕಂಬಳಿ ಹೊದಿಸಿದಳು. ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ. “ಪರ ಊರಿನ ಮಂದಿ ಕಣ್ಣು ಛಲೋ ಇರಂಗಿಲ್ಲ. ಬಾರಿಸುಮುಂದನೂ ತೆಗಿಬ್ಯಾಡ.” ಪಟ್ಟಿಗಳಷ್ಟೇ ಹೊರಗೆ, ಉಳಿದದ್ದೆಲ್ಲ ಒಳಗೆ, ಸೆರಗು ಹೊದ್ದ ಹೊಸ ಸೊಸೆಯಂತೆ ಅದು ಕೈಗಾಡಿ ಏರಿತು. ಪಕ್ಕದಲ್ಲಿ ಪೆಟ್ರೋಲ್ ನಾರುವ ಜನರೇಟರ್, ಮೇಲೆ ಕಹಳೆಯಂಥ ಸ್ಪೀಕರ್, ನಡುವೆ ಎದೆ ಸೆಟೆಸಿ ನಾನು.

ಅಂದೋಲಾದ ಊರಬಾಗಿಲು, ಅಗಸಿಯ ಮುಂದೆ ಎದುರಿನಿಂದ ಇನ್ನೊಂದು ಮೆರವಣಿಗೆ ಬಂತು. ನಮ್ಮ ಕಡೆ ಆಗ ಒಂದು ರೂಢಿ ಇತ್ತು. ಇಕ್ಕಟ್ಟಿನಲ್ಲಿ ಎರಡು ಮದುವೆಗಳು ಎದುರಾದರೆ ಬ್ಯಾಂಡುಗಳು ಜಿದ್ದಿಗೆ ಬೀಳಬೇಕು. ಯಾವುದು ಮೊದಲು ನಿಲ್ಲಿಸುತ್ತದೋ ಆ ಮೆರವಣಿಗೆ ಪಕ್ಕಕ್ಕೆ ಸರಿಯಬೇಕು. ಅವರದು ದೊಡ್ಡ ಬ್ಯಾಂಡ್, ಹೊಳೆಯುವ ಅಂಗಿ. ನಮ್ಮದು ಸಣ್ಣದು. ಆದರೆ ನಮ್ಮಲ್ಲಿ ಪೆಟ್ಟಿಗೆ ಇತ್ತು!

ಶುರುವಿಗೆ ಪುಂಗಿಯ ಸ್ವರ ಬಿಟ್ಟಾಗ ಜನ ಸಿಳ್ಳೆ ಹೊಡೆದರು. ಎರಡನೇ ಹಾಡಿಗೇ ಪೆಟ್ಟಿಗೆ ಏರತೊಡಗಿತು. ಶ್ರುತಿ ಇಳಿಸುವ ಗುಂಡಿಗೆಂದು ಕಂಬಳಿಯೊಳಗೆ ಕೈ ಹಾಕಿದೆ. ರೊಟ್ಟಿಯ ಹಂಚು ಮುಟ್ಟಿದಂತಾಯಿತು. ಗುಂಡಿಯನ್ನು ಕೊನೆತನಕ ತಿರುವಿದೆ. ಆದರೂ ಏರುತ್ತಲೇ ಇತ್ತು. ಎದುರಿನವರು ಕಿವಿ ಮುಚ್ಚಿಕೊಂಡು ಅಣಕಿಸಿದರು. ಮಾವನ ಮುಖ ನೋಡಿದೆ. ಸೋಲಾಪುರದ ಬಸ್ಸೇ ಕಣ್ಣ ಮುಂದೆ ಬಂದು ನಿಂತಿತು.

ಆಗ ತಲೆಯಲ್ಲಿ ಹೊಳೆಯಿತು. ಖಾಜಾಸಾಬ್ ಕಾಕಾ ಹೇಳಿದ್ದು ಖರೇನೇ: ಇದಕ್ಕೆ ಬಂದದ್ದು ಜ್ವರ! ಮೈಮೇಲೆ ಕರಿ ಕಂಬಳಿ, ಅದರ ಮೇಲೆ ಮೇ ತಿಂಗಳ ಬಿಸಿಲು. ಕಂಬಳಿ ಕಿತ್ತು ಒಗೆದೆ. ನಿಂಬೆಹಣ್ಣು ಉರುಳಿ ಕುದುರೆಯ ಕಾಲಿಗೆ ಹೋಯಿತು. ಕುದುರೆಯ ಮೇಲೆ ನಮ್ಮ ಮದುಮಗ, ಅವನ ತಲೆಯ ಮೇಲೆ ಜರಿಯ ದೊಡ್ಡ ಛತ್ರಿ.

“ಮಾವ, ನೆರಳು ಬೇಕು! ಆ ಛತ್ರಿ!”

ಮಾವ ಬಾಯಿ ತೆಗೆಯುವ ಮೊದಲೇ ಮದುಮಗ ಕೂಗಿದ: “ತಗೋರಿ, ನಾ ಏನ್ ಕರಗಂಗಿಲ್ಲ!”

ಅವನ ತಾಯಿ ಬಾಯಿ ಬಡಕೊಂಡಳು. “ಅಯ್ಯ, ಮದುಮಗಗ ಬಿಸಲು, ಪೆಟಗಿಗಿ ನೆಳ್ಳ ಏನೋ?”

“ಸುಮ್ಕಿರಬೇ ಯವ್ವಾ. ಇಲ್ಲಿ ಸರದ್ರ ಬೀಗರು ಜನ್ಮಪೂರ್ತಿ ನಗ್ತಾರ!”

ಛತ್ರಿ ನಮ್ಮ ಗಾಡಿಯ ಮೇಲೆ ಬಂತು. ಇಬ್ಬರು ಹುಡುಗರು ಟವೆಲಿನಿಂದ ಗಾಳಿ ಬೀಸಿದರು. ಪೆಟ್ಟಿಗೆ ನಿಧಾನ ಇಳಿಯತೊಡಗಿತು, ಬ್ಯಾಂಡಿನ ಮಟ್ಟಕ್ಕೆ ಬಂತು, ಗುಂಡಿ ಮೊದಲೇ ಕೊನೆತನಕ ತಿರುವಿದ್ದರಿಂದ ಅಲ್ಲಿಯೂ ನಿಲ್ಲದೆ ಇನ್ನೂ ಕೆಳಗೆ ಜಾರಿತು. ಗುಂಡಿಗೆ ಕೈ ಹಾಕಿದೆ. ಮಾವ ಕಣ್ಣಲ್ಲೇ ಬೇಡವೆಂದ. ಊದುತ್ತಲೇ ಕ್ಲಾರಿಯೋನೆಟ್‌ನ ಕೊರಳನ್ನು ಕೂದಲೆಳೆಯಷ್ಟು ಹೊರಗೆ ಎಳೆದ. ಅವನ ಸ್ವರವೂ ಇಳಿಯಿತು. ಖಾಜಾಸಾಬ್ ಕಾಕಾ ನೋಡಿದ, ತನ್ನ ಟ್ರಂಪೆಟ್ಟಿನ ನಳಿಗೆ ಎಳೆದ. ಪೆಟ್ಟಿಗೆ ಹೋದಲ್ಲಿಗೆ ಇಡೀ ಬ್ಯಾಂಡ್ ಹೋಯಿತು.

ಹಾವು ಬಿಲಕ್ಕೆ ಇಳಿದಂತೆ ಇಳಿಯಿತು ಆ ಹಾಡು. ಕುಣಿಯುವವರೂ ಅದರ ಜೊತೆ ಮೊಣಕಾಲು ಬಗ್ಗಿಸುತ್ತ ಬಗ್ಗಿಸುತ್ತ ನೆಲಕ್ಕೆ ಕೂತರು. ಇದನ್ನೆಲ್ಲ ಬೇಕೆಂದೇ ಮಾಡುತ್ತಿದ್ದೇವೆಂದು ತಿಳಿದಿದ್ದರು! ಎಲ್ಲರೂ ಕೂತರೆಂದು ಕಂಡಾಗ ಮಧ್ಯದ ಗುಂಡಿಯನ್ನು ಒಮ್ಮೆಲೇ ತಿರುವಿದೆ. ಸ್ವರ ಚೀರಿ ಆಕಾಶಕ್ಕೆ ಜಿಗಿಯಿತು, ಮಂದಿಯೂ ಜಿಗಿದರು. ಎದುರಿನ ಬ್ಯಾಂಡಿನವರು ಊದುವುದನ್ನೇ ಮರೆತು ಬಾಯಿ ತೆರೆದು ನಿಂತಿದ್ದರು.

ನಿಂತರೆ ಸೋತಂತೆಯೇ.

ಅಂದು ತಿಂದ ಗೋಧಿ ಹುಗ್ಗಿಯ ರುಚಿ ಆಮೇಲೆ ಯಾವ ಹುಗ್ಗಿಗೂ ಬರಲಿಲ್ಲ. ಪೆಟ್ಟಿಗೆ ಮನೆಯಲ್ಲೇ ಉಳಿಯಿತು. ಆಯಿ ಕತೆಯನ್ನೆಲ್ಲ ಕೇಳಿ ಒಂದೇ ಮಾತು ಕೇಳಿದಳು: “ಛತ್ರಿಗಾದ್ರೂ ನಿಂಬಿಹಣ್ಣು ಕಟ್ಟಿದ್ರಿಲ್ಲೊ?”

ಈಗ ಆಳಂದದಲ್ಲಿ ನನ್ನದೇ ರಿಪೇರಿ ಅಂಗಡಿ ಇದೆ. ಯಾರ ಹಂಗೂ ಇಲ್ಲದೆ, ಕೈ ಸುಟ್ಟುಕೊಂಡು ಕಲಿತ ವಿದ್ಯೆ. ಮುಂದೆ ಮಿಕ್ಸರು, ಪಂಪುಗಳು. ಹಿಂದಿನ ಖೋಲಿ ತುಂಬ ಹಳೆಯ ಸಿಂಥ್‌ಗಳು. ಬಿಡಿಬಿಡಿ ಭಾಗಗಳನ್ನು ವೈರಿನಿಂದ ಜೋಡಿಸುವ ಮಾಡ್ಯುಲರ್ ಒಂದನ್ನು ನಾನೇ ಕಟ್ಟಿದ್ದೇನೆ. ಅದರ ವೈರುಗಳು ಗೋಡೆಯ ಮೇಲೆ ಒಣಹಾಕಿದ ಶಾವಿಗೆಯಂತೆ ಜೋತಾಡುತ್ತವೆ. ಪುಣೆಯ, ಹೈದರಾಬಾದಿನ ನನ್ನಂಥ ಹುಚ್ಚರು ವಾಟ್ಸಾಪಿನಲ್ಲಿದ್ದಾರೆ. ಯಾರಿಗಾದರೂ ಹಳೆಯ ಯಂತ್ರ ಸಿಕ್ಕಿತೆಂದರೆ ಆ ದಿನ ನಮಗೆಲ್ಲ ಹಬ್ಬ. ಮಾವನ ಪೆಟ್ಟಿಗೆಯೂ ಇಲ್ಲೇ ಇದೆ, ಸ್ವಿಚ್ ಒತ್ತಿದರೆ ಈಗಲೂ ಅದೇ ಬಿಸಿ ಧೂಳಿನ ವಾಸನೆ. ಮಾವ ಇಲ್ಲ, ಖಾಜಾಸಾಬ್ ಕಾಕಾ ಇಲ್ಲ. ಮದುವೆಗಳಲ್ಲಿ ಡಿಜೆ ಬಂದಿದೆ, ಅದು ಯಾರ ಶ್ರುತಿಗೂ ಕಾಯುವುದಿಲ್ಲ.

ಮೊನ್ನೆ ಮಗಳು ಲ್ಯಾಪ್‌ಟಾಪ್ ತಂದು ತೋರಿಸಿದಳು. ಪರದೆಯ ಮೇಲೆ ಮಾವನ ಪೆಟ್ಟಿಗೆಯೇ, ಗುಂಡಿಗೆ ಗುಂಡಿ ಹಾಗೇ. ಯಾವ ಬಿಸಿಲಿಗೂ ಶ್ರುತಿ ಬಿಡದ ಸಾಫ್ಟ್‌ವೇರ್.

“ಅಪ್ಪಾ, ಇಲ್ನೋಡ್ರಿ. ಹಳೇದರಂಗ ಶ್ರುತಿ ಜಾರಸಾಕೂ ಒಂದು ಗುಂಡಿ ಕೊಟ್ಟಾರ!”

ನನಗೂ ಮೈ ಜುಮ್ಮೆಂದಿತು. ತಿರುವಿದೆ. ಅಂದೋಲಾದ ಅಗಸಿಯ ಮುಂದೆ ಇಳಿದ ಹಾಗೆಯೇ ಸ್ವರ ಮೆಲ್ಲಗೆ ಇಳಿಯತೊಡಗಿತು. ಕೈ ತಡೆದು ಕಿವಿಗೊಟ್ಟು ಕೂತೆ. ಅದರ ಜೊತೆ ಇಳಿಯಲು ಯಾರೂ ಬರಲಿಲ್ಲ.