ಬೆನ್ನು ತಿರುಗಿಸದೆ ಕೊಟ್ಟ ಪುಸ್ತಕ

ಬಾಡಿಗೆ ಪುಸ್ತಕದಂಗಡಿಯ ಯಜಮಾನರು ಕೆಳಗಿನ ಕಪಾಟಿಗೆ ಬಗ್ಗಿದ್ದೇ ತಪ್ಪಾಯಿತು. ಐವತ್ತು ದಾಟಿದ ಹೊಟ್ಟೆಗೂ ಎಂದೋ ಹೊಲಿಸಿದ ಪ್ಯಾಂಟಿಗೂ ಬಹಳ ಕಾಲದಿಂದ ವ್ಯಾಜ್ಯವಿತ್ತು. ಅವತ್ತು ಹಿಂಭಾಗದಲ್ಲಿ ‘ಪರ್’ ಎಂದು ತೀರ್ಪು ಬಂತು. ಅಂಗಡಿಯಲ್ಲಿದ್ದದ್ದು ಒಬ್ಬರೇ ಗಿರಾಕಿ. ಅದೂ ಯಾರು? ಬೀದಿಯವರೆಲ್ಲ ಹೊಲಿಗೆಯಕ್ಕ ಎಂದು ಕರೆಯುವ ದರ್ಜಿ ಹೆಂಗಸು.

“ಹೊಲಿಗೆ ಬಿಚ್ಚಿದೆ ಅಷ್ಟೆ, ಬಟ್ಟೆ ಹರಿದಿಲ್ಲ,” ಎಂದಳು ಆಕೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. “ನಾಳೆ ಕೊಟ್ಟು ಕಳಿಸಿ.”

ಯಜಮಾನರು ಕಪಾಟಿಗೆ ಹಲ್ಲಿಯಂತೆ ಬೆನ್ನು ಅಂಟಿಸಿ ನಿಂತರು. ಆಕೆಗೆ ಬೇಕಿದ್ದದ್ದು ಒಂದು ಸಂಸಾರದ ಕಥೆ. “ಕೊನೆಗೆ ಎಲ್ಲರೂ ಚೆನ್ನಾಗಿರಬೇಕು,” ಎಂದು ಷರತ್ತು ಬೇರೆ. ಅಂಥವು ಎದುರು ಗೋಡೆಯಲ್ಲಿದ್ದವು. ಅಲ್ಲಿಂದ ತೆಗೆಯಬೇಕೆಂದರೆ ಆಕೆಗೆ ಬೆನ್ನು ತಿರುಗಿಸಬೇಕು, ತಿರುಗಿಸಿದರೆ ಮಾನ ಹೋಗುತ್ತದೆ. ಕೈ ಹಿಂದಕ್ಕೆ ಚಾಚಿ ಸಿಕ್ಕಿದ್ದನ್ನು ಎಳೆದು ಕೊಟ್ಟರು.

ಆಕೆ ಹೋದಮೇಲೆ ನೋಡುತ್ತಾರೆ, ಖಾಲಿಯಾದ ಜಾಗ ಮಾಟಮಂತ್ರದ ಸಾಲಿನಲ್ಲಿ! ಹೋದದ್ದು ಆ ಸಾಲಿನಲ್ಲೇ ಅತಿ ಕರಾಳವಾದ ಕಾದಂಬರಿ. ನೆಲಮಾಳಿಗೆಯ ಭೂತವೊಂದು ಮನೆಗೆಲಸದ ಹುಡುಗಿಯಿಂದ ಅಮಾವಾಸ್ಯೆಗೊಂದರಂತೆ ಕಿತ್ತುಕೊಳ್ಳುತ್ತ ಹೋಗುತ್ತದೆ: ಮೊದಲು ನೆರಳು, ಆಮೇಲೆ ದನಿ, ಆಮೇಲೆ ಹೆಸರು. ಭೂತಕ್ಕೂ ಒಂದು ಕಟ್ಟಳೆ. “ಕೊಡುತ್ತೀಯಾ?” ಎಂದು ಮೂರು ಸಲ ಕೇಳಬೇಕು, ಮೂರು ಸಲವೂ ಹುಡುಗಿ “ಕೊಟ್ಟೆ” ಎನ್ನಬೇಕು. ಅವಳು ಸವೆದಷ್ಟೂ ಮೇಲಿನ ಮನೆಯವರು ಮೈತುಂಬಿಕೊಳ್ಳುತ್ತಾರೆ.

ಅಂಗಡಿಯಲ್ಲೊಂದು ಪದ್ಧತಿಯಿತ್ತು. ಪುಸ್ತಕ ವಾಪಸು ತಂದವರು ಒಂದು ಮಾತು ಅಭಿಪ್ರಾಯ ಹೇಳಬೇಕು; ಯಜಮಾನರು ಅದನ್ನು ಬಾಗಿಲಿನ ಕರಿಹಲಗೆಯ ಮೇಲೆ ಬರೆಯಬೇಕು. ಅದನ್ನು ನೋಡಿಯೇ ಮುಂದಿನವರು ಪುಸ್ತಕ ಕೇಳುವುದು. ಈ ಕಾದಂಬರಿ ಓದಿದವರೆಲ್ಲ “ದೀಪ ಆರಿಸಲು ಧೈರ್ಯವಾಗಲಿಲ್ಲ” ಎಂದೇ ಬರೆಸಿದ್ದರು. ಹೊಲಿಗೆಯಕ್ಕನ ಗತಿ ಏನಾಯಿತೋ ಎಂದು ಯಜಮಾನರಿಗೆ ಊಟ ಸೇರಲಿಲ್ಲ. ಹಾಗೆಂದು ಬಿಡಲೂ ಇಲ್ಲವೆನ್ನಿ.

ಹೊಲಿಗೆಯಕ್ಕನಿಗೆ ತಾಯಿ ಬಿಟ್ಟುಹೋದ ಆಸ್ತಿ ಎರಡು: ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಮೂಗು ಸೋರುವ ತಮ್ಮ. ಯಂತ್ರ ತುಳಿದು ತಮ್ಮನನ್ನು ಬೆಳೆಸಿದಳು. ಕೇಳಿಕೊಂಡು ಬಂದ ಗಂಡಿನ ಕಡೆಯವರಿಗೆ “ಇವನ ಓದು ಮುಗೀಲಿ” ಎಂದಳು. ಓದು ಮುಗಿದಾಗ “ಇವನಿಗೊಂದು ಕೆಲಸ ಆಗ್ಲಿ” ಎಂದಳು. ಕೆಲಸವಾದಾಗ ಮದುವೆಯಾಯಿತು, ತಮ್ಮನದು. ಆಕೆಯ ಪಾಲಿಗೆ ಉಳಿದದ್ದು ಬೀದಿ ಕಡೆಯ ಕೋಣೆ. ದೊಡ್ಡ ಕಿಟಕಿ, ಅದರ ಪಕ್ಕಕ್ಕೆ ಯಂತ್ರ. ಕಣ್ಣು ಮಂಜಾಗುತ್ತಿದ್ದರೂ ಆ ಬೆಳಕಿನಲ್ಲಿ ದಾರ ಒಂದೇ ಸಲಕ್ಕೆ ಸೂಜಿಗೆ ಏರುತ್ತಿತ್ತು. ಆ ಕಿಟಕಿ ಇರುವವರೆಗೆ ಯಾರ ಹಂಗೂ ಇಲ್ಲ.

ಕೆಲವು ದಿನ ಬಿಟ್ಟು ಯಜಮಾನರು ಪ್ಯಾಂಟು ತರಲು ಹೋದರು. ಆಕೆ ಮನೆಯಲ್ಲಿರಲಿಲ್ಲ; ಹೊಲಿದ ಬಟ್ಟೆ ತಲುಪಿಸಲು ಹೋಗಿದ್ದಳು. ತಮ್ಮ ಯಂತ್ರದ ಒಂದು ತುದಿ ಹಿಡಿದು ಏದುಸಿರು ಬಿಡುತ್ತಿದ್ದ.

“ದೇವರು ಬಂದ ಹಾಗೆ ಬಂದ್ರಿ ಸಾರ್. ಆ ಕಡೆ ಒಂದು ಕೈ ಹಾಕಿ.”

“ಎಲ್ಲಿಗಪ್ಪಾ?”

“ಹಿಂದಿನ ಸಾಮಾನಿನ ಕೋಣೆಗೆ. ಇಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕ್ತಿದೀನಿ.”

“ಅಕ್ಕ ಒಪ್ಪಿದ್ರಾ?”

“ನಮ್ಮಕ್ಕ ಯಾವತ್ತು ಬೇಡ ಅಂದಿದ್ದಾಳೆ ಸಾರ್?”

ಒಳಗಿನಿಂದ ಅವನ ಹೆಂಡತಿ ದನಿಗೂಡಿಸಿದಳು: “ಅಕ್ಕಂಗೂ ಬೀದಿ ಗಲಾಟೆ ತಪ್ಪುತ್ತೆ. ಪಾಪ, ಅಲ್ಲಿ ತಣ್ಣಗಿರ್ತಾರೆ.”

ಯಜಮಾನರದು ಯಾರಿಗೂ ಇಲ್ಲ ಎನ್ನಲಾಗದ ಸ್ವಭಾವ. ಇದನ್ನು ಅವರು ಒಳ್ಳೆಯತನ ಎಂದು ತಿಳಿದಿದ್ದರು. ಹಿಡಿದರು, ಹೊತ್ತರು, ಕತ್ತಲೆ ಕೋಣೆಯಲ್ಲಿ ಇಳಿಸಿದರು. ಅಲ್ಲಿದ್ದದ್ದು ಅಂಗೈಯಗಲದ ಒಂದು ಗವಾಕ್ಷಿ. ಅದಕ್ಕೂ ಜೇಡ ಪರದೆ ಕಟ್ಟಿತ್ತು.

ಹೊರಗೆ ಬರುವಷ್ಟರಲ್ಲಿ ಹೊಲಿಗೆಯಕ್ಕ ಬಾಗಿಲಲ್ಲಿದ್ದಳು. ಕಿಟಕಿಯ ಪಕ್ಕದ ಖಾಲಿ ಜಾಗ ನೋಡಿದಳು. ನೆಲದಲ್ಲಿ ಯಂತ್ರದ ಕಾಲು ಊರಿದ್ದ ಕಲೆ ನೋಡಿದಳು. ಆಮೇಲೆ ಎಣ್ಣೆ ಮೆತ್ತಿದ ಯಜಮಾನರ ಕೈ ನೋಡಿದಳು.

“ಭಾರ ಇತ್ತಾ?” ಎಂದಳು.

“ಇಲ್ಲ... ಹಾಗೇನಿಲ್ಲ.”

“ಅಲ್ಲೊಂದು ಬಲ್ಬ್ ಹಾಕಿಸ್ತೀನಿ ಕಣಕ್ಕ,” ಎಂದ ತಮ್ಮ.

ಆಕೆ ಪ್ಯಾಂಟು ಮಡಿಸಿ ಯಜಮಾನರ ಕೈಗಿಟ್ಟಳು. ಇನ್ನೊಮ್ಮೆ ಬಿಚ್ಚದಂತೆ ಎರಡು ಸಾಲು ಹೊಲಿಗೆ ಹಾಕಿದ್ದಳು.

ಮೊಬೈಲ್ ಅಂಗಡಿಗೆ ಬಣ್ಣದ ದೀಪಗಳ ಸರವೇ ಬಂತು; ಒಳಗಿನ ಕೋಣೆಗೆ ಬಲ್ಬು ಬರಲಿಲ್ಲ. ಹೊಲಿಗೆಯಕ್ಕ ಸೂಜಿಗೆ ದಾರ ಏರಿಸಬೇಕಾದಾಗಲೆಲ್ಲ ಬೀದಿಗೆ ಬಂದು, ತನ್ನದೇ ಕಿಟಕಿಯ ಹೊರಗೆ ನಿಂತು ಏರಿಸಿಕೊಂಡು ಹೋಗುತ್ತಿದ್ದಳು. ಕೆಲಸ ತಡವಾಯಿತು. ಗಿರಾಕಿಗಳು ಬೇರೆ ದರ್ಜಿಯನ್ನು ಹುಡುಕಿಕೊಂಡರು. ತಮ್ಮನ ಹೆಂಡತಿ ಪಾತ್ರೆಗಳನ್ನು ಆಕೆಯ ಪಾಲಿಗೆ ಬಿಡತೊಡಗಿದಳು. “ಸುಮ್ಮನೆ ಕೂತರೆ ಅಕ್ಕಂಗೆ ಬೇಜಾರು,” ಎಂದು ಬೀದಿಗೆಲ್ಲ ಹೇಳಿದಳು.

ತಿಂಗಳಾದ ಮೇಲೆ ಆಕೆ ಪುಸ್ತಕ ವಾಪಸು ತಂದಳು. ಬೆರಳ ತುದಿಗಳು ಪಾತ್ರೆಯ ನೀರಿಗೆ ಸುಕ್ಕುಗಟ್ಟಿದ್ದವು. ಆಕೆ ಮೊದಲ ಪುಟದಿಂದ ಕೊನೆಯವರೆಗೆ ಓದಿರುವ ಗುರುತು ಯಜಮಾನರಿಗೆ ಕಂಡಿತು. ಪುಟಗಳ ನಡುವೆ ಗುರುತಿಗೆಂದು ಇಟ್ಟಿದ್ದ ದಾರದ ತುಂಡು ಕೊನೆಯ ಹಾಳೆಯಲ್ಲಿತ್ತು. ಸೀಮೆಸುಣ್ಣ ಕೈಗೆತ್ತಿಕೊಂಡು, ಆಕೆಯ ಮುಖ ನೋಡಲಾರದೆ ಹಲಗೆಯ ಕಡೆ ತಿರುಗಿದರು.

“ಅವತ್ತು ತಪ್ಪು ಪುಸ್ತಕ ಕೊಟ್ಬಿಟ್ಟೆ ಅಕ್ಕ. ಆ ಭೂತ ನೋಡಿ ತುಂಬಾ ಹೆದರಿಕೆ ಆಯ್ತೇನೋ?”

“ಹೆದರಿಕೆ ಯಾಕೆ?” ಎಂದಳು ಹೊಲಿಗೆಯಕ್ಕ. “ಮರ್ಯಾದಸ್ಥ ಭೂತ. ಮೂರು ಸಲ ಕೇಳಿ ತಗೊಳ್ಳುತ್ತೆ.”